ಪ್ಯಾಂಕ್ರಿಯಾಸ್ ಗಡ್ಡೆಗೆ ಇಯುಎಸ್ ಬಯಾಪ್ಸಿ: ಮಲೆನಾಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಪ್ಯಾಂಕ್ರಿಯಾಸ್ ಬಯಾಪ್ಸಿಗೆ ಬರುವವರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ‘ಇಯುಎಸ್ ಗೈಡೆಡ್ ಎಫ್‌ಎನ್‌ಬಿ’ ಎಂದು ಬರೆದಿರುತ್ತದೆ. ಅದು ಏನು, ಯಾಕೆ, ಮನೆಯಲ್ಲಿ ಏನು ತಯಾರಿ ಮಾಡಿಕೊಳ್ಳಬೇಕು ಎಂದು ಬಿಡಿಸಿ ಹೇಳಲು ಒಪಿಡಿ ಗದ್ದಲದಲ್ಲಿ ಯಾರಿಗೂ ಪುರುಸೊತ್ತು ಸಿಗುವುದಿಲ್ಲ. ನಾನು ಎಂಡೋಸ್ಕೋಪಿ ರೂಮಿನ ನರ್ಸ್. ಊರು ತೀರ್ಥಹಳ್ಳಿ ಕಡೆ. ಸೂಜಿ ಹಾಕಿ ತುಣುಕು ತೆಗೆಯುವುದು ಒಂದು ಗಂಟೆಯೊಳಗಿನ ಕೆಲಸ. ಆದರೆ ಆ ತುಣುಕಿನಿಂದ ಉತ್ತರ ಸಿಗುತ್ತದೋ ಇಲ್ಲವೋ ಎನ್ನುವುದು ಬಹಳಷ್ಟು ಸಲ ಅದಕ್ಕೆ ಮುಂಚಿನ ವಾರದಲ್ಲೇ ತೀರ್ಮಾನವಾಗಿರುತ್ತದೆ. ಆ ವಾರ ರೋಗಿಯ ಮನೆಯವರ ಕೈಯಲ್ಲಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೂಜಿ ಅಲ್ಲಿಗೆ ತಲುಪುವುದು ಹೇಗೆ

ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿ. ಸುಮಾರು 15 ಸೆಂ.ಮೀ. ಉದ್ದ. ಹೊಟ್ಟೆಯ ತೀರಾ ಒಳಗೆ, ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಕ್ಕೆ ಮಲಗಿರುತ್ತದೆ. ಅದರ ತಲೆ ಭಾಗವನ್ನು ಸಣ್ಣ ಕರುಳಿನ ಮೊದಲ ತಿರುವು, ಅಂದರೆ ಡ್ಯುವೋಡಿನಮ್, ಸುತ್ತುವರಿದಿರುತ್ತದೆ. ಬಾಲದ ಭಾಗ ಎಡಕ್ಕೆ ಗುಲ್ಮದ ಹತ್ತಿರ ಹೋಗುತ್ತದೆ. ಸುತ್ತಲೂ ದೊಡ್ಡ ದೊಡ್ಡ ರಕ್ತನಾಳಗಳಿವೆ. ಹೊರಗಿನಿಂದ ಹೊಟ್ಟೆಗೆ ಸೂಜಿ ಹಾಕಿದರೆ ಇದೆಲ್ಲವನ್ನೂ ದಾಟಿ ಹೋಗಬೇಕಾಗುತ್ತದೆ.

ಜಠರದ ಒಳಗೆ ನಿಂತು ನೋಡಿದರೆ ಪ್ಯಾಂಕ್ರಿಯಾಸ್ ಗೋಡೆಯ ಆಚೆ ಪಕ್ಕದಲ್ಲೇ ಇರುತ್ತದೆ. ಇಯುಎಸ್ ಅಂದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಇದನ್ನೇ ಬಳಸಿಕೊಳ್ಳುತ್ತದೆ. ಎಂಡೋಸ್ಕೋಪಿ ನಳಿಕೆಯ ತುದಿಯಲ್ಲೇ ಪುಟ್ಟ ಸ್ಕ್ಯಾನಿಂಗ್ ಯಂತ್ರ ಕೂರಿಸಿರುತ್ತಾರೆ. ಬಾಯಿಯ ಮೂಲಕ ಜಠರಕ್ಕೆ, ಅಲ್ಲಿಂದ ಡ್ಯುವೋಡಿನಮ್‌ಗೆ ಹೋಗಿ, ಗೋಡೆಗೆ ತಾಗಿಸಿ ಸ್ಕ್ಯಾನ್ ಮಾಡುತ್ತಾರೆ. ಇಷ್ಟು ಹತ್ತಿರದಿಂದ ನೋಡುವುದರಿಂದ ಸಿ.ಟಿ.ಯಲ್ಲಿ ಸರಿಯಾಗಿ ಕಾಣದ ಸಣ್ಣ ಗಡ್ಡೆಗಳೂ ಕಾಣುತ್ತವೆ. ನಳಿಕೆಯೊಳಗಿಂದಲೇ ಸೂಜಿ ಹೊರಬರುತ್ತದೆ. ಅದು ಗಡ್ಡೆಯೊಳಗೆ ಹೋಗುವುದು ಪರದೆಯ ಮೇಲೆ ಕಣ್ಣೆದುರೇ ಕಾಣುತ್ತದೆ. ಈ ವಿಧಾನದಿಂದ ಪ್ಯಾಂಕ್ರಿಯಾಸ್‌ನ ಮಾದರಿ ತೆಗೆದಿದ್ದನ್ನು ಡೆನ್ಮಾರ್ಕಿನ ಡಾಕ್ಟರ್ ಪೀಟರ್ ವಿಲ್ಮನ್ ಮತ್ತು ಜೊತೆಗಾರರು 1992ರಲ್ಲಿ ಮೊದಲು ಪ್ರಕಟಿಸಿದರು.

ಹಂತ 1: ಈ ಸೂಜಿ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ?

ತಾರೀಖು ತೆಗೆದುಕೊಳ್ಳುವ ಮೊದಲು ಡಾಕ್ಟರನ್ನು ನೇರವಾಗಿ ಕೇಳಿ: “ಡಾಕ್ಟ್ರೇ, ಈ ಬಯಾಪ್ಸಿ ರಿಪೋರ್ಟ್ ಬಂದ ಮೇಲೆ ಅಪ್ಪನ ಟ್ರೀಟ್‌ಮೆಂಟಿನಲ್ಲಿ ಏನು ಬದಲಾಗುತ್ತದೆ?” ಕೇಳಲು ಸಂಕೋಚ ಬೇಡ. ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆ ಇಷ್ಟವಾಗುತ್ತದೆ.

ಯಾಕೆ ಹೇಳುತ್ತಿದ್ದೇನೆ ಅಂದರೆ, ಎಲ್ಲರಿಗೂ ಇದು ಬೇಕಾಗುವುದಿಲ್ಲ. ಸಿ.ಟಿ.ಯಲ್ಲಿ ಗಡ್ಡೆಯ ಲಕ್ಷಣ ಸ್ಪಷ್ಟವಾಗಿದ್ದು, ಪೂರ್ತಿ ತೆಗೆಯಬಹುದಾದ ಸ್ಥಿತಿಯಲ್ಲಿದ್ದು, ರೋಗಿಗೂ ಆಪರೇಷನ್ ತಡೆದುಕೊಳ್ಳುವ ಶಕ್ತಿ ಇದ್ದರೆ, ಬಯಾಪ್ಸಿ ಮಾಡದೆಯೇ ಸರ್ಜರಿಗೆ ಹೋಗುವುದುಂಟು. ಅದು ನಿರ್ಲಕ್ಷ್ಯ ಅಂದುಕೊಳ್ಳಬೇಡಿ.

ಬಯಾಪ್ಸಿ ಬೇಕೇ ಬೇಕು ಅನ್ನುವ ಸಂದರ್ಭಗಳೂ ಇವೆ. ಕೀಮೋಥೆರಪಿ ಶುರು ಮಾಡುವ ಮೊದಲು ಕ್ಯಾನ್ಸರ್ ಹೌದೆಂದು ಖಾತ್ರಿಯಾಗಲೇಬೇಕು. ಸಿಎ 19-9 ಎಂಬ ರಕ್ತ ಪರೀಕ್ಷೆ ಜಾಸ್ತಿ ಬಂದಿದೆ ಎಂದ ಮಾತ್ರಕ್ಕೆ ಸಾಕಾಗುವುದಿಲ್ಲ. ಪಿತ್ತನಾಳ ಕಟ್ಟಿ ಕಾಮಾಲೆಯಾದರೂ ಅದು ಏರುತ್ತದೆ. ಇನ್ನು ಕೆಲವು ಗಡ್ಡೆಗಳು ಕ್ಯಾನ್ಸರ್ ತರಹ ಕಾಣುತ್ತವೆ, ಆದರೆ ಕ್ಯಾನ್ಸರ್ ಆಗಿರುವುದಿಲ್ಲ. ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್ ಎಂಬ ಊತ ಸ್ಟಿರಾಯ್ಡ್ ಮಾತ್ರೆಗೆ ಕರಗುತ್ತದೆ. ಹಳೆಯ ಪ್ಯಾಂಕ್ರಿಯಾಟೈಟಿಸ್ ಇದ್ದವರಲ್ಲಿ ಊದಿದ ಭಾಗವೇ ಗಡ್ಡೆಯಂತೆ ತೋರುತ್ತದೆ. ಮತ್ತೆ ನಮ್ಮ ದೇಶದಲ್ಲಿ ಮರೆಯಲೇಬಾರದ್ದು ಟಿ.ಬಿ. ಪ್ಯಾಂಕ್ರಿಯಾಸ್‌ನಲ್ಲಿ ಅಥವಾ ಅದರ ಸುತ್ತಲಿನ ಗಂಟುಗಳಲ್ಲಿ (ಲಿಂಫ್ ನೋಡ್) ಟಿ.ಬಿ. ಬಂದರೆ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಎಂದೇ ಅನ್ನಿಸಬಹುದು. ಅದಕ್ಕೆ ತಿಂಗಳುಗಟ್ಟಲೆ ಮಾತ್ರೆ ಬೇಕು, ಕೀಮೋ ಅಲ್ಲ. ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತು, ರೋಗಿಗೆ ಸಂಜೆ ಜ್ವರ ಬರುತ್ತಿತ್ತು ಅಂತಿದ್ದರೆ ಈ ಹಂತದಲ್ಲೇ ಹೇಳಿಬಿಡಿ. ಯಾಕೆ ಈಗಲೇ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಹಂತ 2: ಕ್ರಮ ತಪ್ಪಬಾರದು

ಮೊದಲು ಪ್ಯಾಂಕ್ರಿಯಾಸ್‌ಗೆಂದೇ ಮಾಡುವ ಸಿ.ಟಿ. ಆಮೇಲೆ ಇಯುಎಸ್ ಮತ್ತು ಬಯಾಪ್ಸಿ. ಆಮೇಲೆ, ಕಾಮಾಲೆ ಇದ್ದು ಅಗತ್ಯವಿದ್ದರೆ, ಸ್ಟೆಂಟ್, ಅಂದರೆ ಕಟ್ಟಿದ ಪಿತ್ತನಾಳ ತೆರೆದಿಡುವ ಸಣ್ಣ ಕೊಳವೆ. ಸಾಮಾನ್ಯವಾಗಿ ಈ ಕ್ರಮ ಒಳ್ಳೆಯದು. ಪಿತ್ತನಾಳದಲ್ಲಿ ಸ್ಟೆಂಟ್ ಕೂರಿಸಿದ ಮೇಲೆ ಅದರ ನೆರಳು ಮತ್ತು ಸುತ್ತಲಿನ ಊತದಿಂದ ಗಡ್ಡೆ ಸ್ಪಷ್ಟವಾಗಿ ಕಾಣುವುದಿಲ್ಲ. ಎಷ್ಟೋ ಕಡೆ ಒಂದೇ ಸಲ ಮಲಗಿಸಿ ಮೊದಲು ಬಯಾಪ್ಸಿ, ತಕ್ಷಣ ಇಆರ್‌ಸಿಪಿ (ಎಂಡೋಸ್ಕೋಪಿಯಿಂದ ಪಿತ್ತನಾಳಕ್ಕೆ ಹೋಗುವ ವಿಧಾನ) ಮಾಡಿ ಸ್ಟೆಂಟ್ ಎರಡನ್ನೂ ಮುಗಿಸುತ್ತಾರೆ. ದೂರದಿಂದ ಬರುವವರಿಗೆ ಇದರಿಂದ ಒಂದು ಓಡಾಟ ಉಳಿಯುತ್ತದೆ. ಕೇಳಿ ನೋಡಿ.

ಇದಕ್ಕೆ ಒಂದು ಅಪವಾದ ಇದೆ. ಕಾಮಾಲೆಯ ಜೊತೆ ಚಳಿ ಜ್ವರ ಬಂದರೆ ಪಿತ್ತನಾಳದಲ್ಲಿ ಸೋಂಕಾಗಿರಬಹುದು. ಆಗ ಬಯಾಪ್ಸಿ ಕಾಯಬಹುದು, ಸ್ಟೆಂಟ್ ಕಾಯುವಂತಿಲ್ಲ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಕಾಮಾಲೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಕಡೆ ಕಣ್ಣು ಹಳದಿಯಾದ ಕೂಡಲೇ ನಾಟಿ ಔಷಧಿಗೆ ಹೋಗುವುದು ಹಿಂದಿನಿಂದ ಬಂದ ರೂಢಿ. ಲಿವರ್ ಸೋಂಕಿನಿಂದ ಬಂದ ಕಾಮಾಲೆ ಬಹಳಷ್ಟು ಸಲ ತಾನಾಗಿಯೇ ಇಳಿಯುತ್ತದೆ. ಆದರೆ ಐವತ್ತು ದಾಟಿದವರಿಗೆ ನೋವಿಲ್ಲದೆ ಕಾಮಾಲೆ ಬಂದು, ಮೈಯೆಲ್ಲ ತುರಿಕೆ, ಮಲದ ಬಣ್ಣ ಬಿಳಿಚಿಕೊಳ್ಳುವುದು, ತೂಕ ಇಳಿಯುವುದು, ಹೊಸದಾಗಿ ಸಕ್ಕರೆ ಕಾಯಿಲೆ ಶುರುವಾಗುವುದು ಕಂಡರೆ ಅದು ನಾಳ ಕಟ್ಟಿದ ಕಾಮಾಲೆ ಇರಬಹುದು. ಸೊಪ್ಪಿನ ರಸದಿಂದ ಅದು ಬಿಡುವುದಿಲ್ಲ. ಪಥ್ಯ ಮಾಡುತ್ತಾ ಕಳೆದ ವಾರಗಳಲ್ಲಿ, ಆಪರೇಷನ್‌ಗೆ ಸಿಗುತ್ತಿದ್ದ ಗಡ್ಡೆ ಕೈ ಮೀರಬಹುದು. ಇಂಥ ಲಕ್ಷಣ ಕಂಡ ವಾರದಲ್ಲೇ ಒಂದು ಸ್ಕ್ಯಾನ್ ಮಾಡಿಸಿ. ದಯವಿಟ್ಟು.

ಹಂತ 3: ಎಲ್ಲಿ, ಹೇಗೆ, ದುಡ್ಡಿನ ವ್ಯವಸ್ಥೆ

ಮಾಮೂಲಿ ಎಂಡೋಸ್ಕೋಪಿ ಮಾಡುವ ಎಲ್ಲ ಕಡೆ ಇಯುಎಸ್ ಇರುವುದಿಲ್ಲ. ಯಂತ್ರ ಬೇರೆ, ತರಬೇತಿ ಬೇರೆ. ಹೊರಡುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿ. ಇಯುಎಸ್‌ನಲ್ಲಿ ಸೂಜಿ ಹಾಕಿ ಬಯಾಪ್ಸಿ ತೆಗೆಯುತ್ತಾರಾ, ಬರೀ ನೋಡುತ್ತಾರಾ? ವಾರದಲ್ಲಿ ಯಾವ ದಿನ? ಮಾದರಿ ನೋಡುವ ಪೆಥಾಲಜಿ ವಿಭಾಗ ಅಲ್ಲೇ ಇದೆಯಾ?

ಶಿವಮೊಗ್ಗದಲ್ಲಿ ಮೊದಲು ಗ್ಯಾಸ್ಟ್ರೋಎಂಟರಾಲಜಿಸ್ಟ್ ಹತ್ತಿರ ತೋರಿಸಿ, ರಕ್ತ ಪರೀಕ್ಷೆ, ಸಿ.ಟಿ. ಎಲ್ಲ ಮುಗಿಸಿಕೊಳ್ಳಬಹುದು. ಮುಂದೆ ಹೋಗಬೇಕಾದರೆ ಜನ ಹಿಡಿಯುವುದು ಎರಡು ದಾರಿ: ಆಗುಂಬೆ ಇಳಿದು ಮಣಿಪಾಲ–ಮಂಗಳೂರು, ಇಲ್ಲವೇ ರೈಲಿನಲ್ಲಿ ಬೆಂಗಳೂರು. ಮಣಿಪಾಲ ಶಿವಮೊಗ್ಗದಿಂದ ಸುಮಾರು 150 ಕಿ.ಮೀ., ಬೆಂಗಳೂರು ಸುಮಾರು 300. ತೀರ್ಥಹಳ್ಳಿ, ಕೊಪ್ಪದವರಿಗೆ ಮಣಿಪಾಲವೇ ಹತ್ತಿರ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು ದಾರಿ ಬಂದ್ ಆಗುವುದುಂಟು. ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂದಿದ್ದರೆ ಹಿಂದಿನ ದಿನವೇ ಹೋಗಿ ಉಳಿಯಿರಿ.

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರು) “ಬಯಾಪ್ಸಿ ಪ್ಯಾಕೇಜಿನಲ್ಲಿ ಬರುತ್ತದಾ, ಸೂಜಿಯ ದುಡ್ಡು ಬೇರೆಯಾ?” ಎಂದು ಮೊದಲೇ ಕೇಳಿ. ಈ ಸೂಜಿ ಸಿರಿಂಜಿನ ಸೂಜಿಯಂಥದ್ದಲ್ಲ, ಬೆಲೆ ಜಾಸ್ತಿ. ಸೊಸೈಟಿ ಸದಸ್ಯರಾಗಿದ್ದು ಯಶಸ್ವಿನಿ ಕಾರ್ಡ್ ಇದ್ದರೆ ಅದನ್ನೂ ತನ್ನಿ.

ಸ್ಕ್ಯಾನಿನ ರಿಪೋರ್ಟ್ ಕಾಗದ ಮಾತ್ರ ತಂದರೆ ಸಾಲದು. ಸಿ.ಡಿ. ಅಥವಾ ಫಿಲ್ಮ್ ತರಲೇಬೇಕು. ಸೂಜಿ ಯಾವ ಕಡೆಯಿಂದ ಹಾಕಬೇಕು ಎಂದು ಡಾಕ್ಟರು ಚಿತ್ರ ನೋಡಿಯೇ ಯೋಚಿಸುತ್ತಾರೆ.

ಹಂತ 4: ಮಾತ್ರೆ ಪಟ್ಟಿ, ರಕ್ತ ಪರೀಕ್ಷೆ

ತಯಾರಿಯಲ್ಲಿ ಅತಿ ಮುಖ್ಯ ಇದು. ಮನೆಯಲ್ಲಿರುವ ಎಲ್ಲ ಮಾತ್ರೆ ಶೀಟುಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ. ‘ಒಂದು ಬಿಳಿ ಮಾತ್ರೆ, ಒಂದು ಕೆಂಪು ಮಾತ್ರೆ’ ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ರಕ್ತ ತೆಳು ಮಾಡುವ ಮಾತ್ರೆಗಳ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಆಸ್ಪಿರಿನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದರೆ ಸಾಮಾನ್ಯವಾಗಿ ಮುಂದುವರಿಸಲು ಹೇಳುತ್ತಾರೆ. ಕ್ಲೋಪಿಡೋಗ್ರೆಲ್ ಆದರೆ 5ರಿಂದ 7 ದಿನ, ವಾರ್ಫರಿನ್ ಆದರೆ ಸುಮಾರು 5 ದಿನ, ಅಪಿಕ್ಸಬಾನ್, ರಿವರಾಕ್ಸಬಾನ್ ತರಹದ್ದಾದರೆ 2–3 ದಿನ ಮೊದಲು ನಿಲ್ಲಿಸುವುದು ರೂಢಿ. ಆದರೆ ಈ ಲೆಕ್ಕ ಓದಿ ನೀವೇ ನಿಲ್ಲಿಸಬೇಡಿ. ಹೃದಯಕ್ಕೆ ಇತ್ತೀಚೆಗೆ ಸ್ಟೆಂಟ್ ಹಾಕಿಸಿದವರು ಸುಮ್ನೆ ಮಾತ್ರೆ ಬಿಟ್ಟರೆ ಹಾರ್ಟ್ ಅಟ್ಯಾಕ್ ಆಗಬಹುದು. ಮಾತ್ರೆ ಬರೆದ ಹೃದಯದ ಡಾಕ್ಟರು ಮತ್ತು ಬಯಾಪ್ಸಿ ಮಾಡುವ ಡಾಕ್ಟರು ಇಬ್ಬರೂ ಒಪ್ಪಬೇಕು. ಒಪ್ಪಿದ್ದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮತ್ತೆ ಯಾವ ದಿನ ಶುರು ಮಾಡಬೇಕು ಎನ್ನುವುದನ್ನೂ ಬರೆಸಿಕೊಳ್ಳಿ, ಅದೇ ಎಲ್ಲರೂ ಮರೆಯುವ ವಿಷಯ.

ಸಕ್ಕರೆ ಕಾಯಿಲೆಯವರು ಉಪವಾಸದ ಬೆಳಿಗ್ಗೆ ಮಾತ್ರೆ ಅಥವಾ ಇನ್ಸುಲಿನ್ ಎಷ್ಟು ಎಂದು ಕೇಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಕೆಲವು ದಿನ ಮೊದಲೇ ನಿಲ್ಲಿಸಲು ಹೇಳಬಹುದು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಇದ್ದರೆ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಅದನ್ನೂ ತಿಳಿಸಿ. ಬಿ.ಪಿ. ಮಾತ್ರೆಯ ಬಗ್ಗೆ ಅರಿವಳಿಕೆ ಡಾಕ್ಟರು ಹೇಳಿದಂತೆ ಮಾಡಿ.

ರಕ್ತ ಪರೀಕ್ಷೆಯಲ್ಲಿ ಮುಖ್ಯವಾಗಿ ನೋಡುವುದು ಎರಡು. ಪ್ಲೇಟ್‌ಲೆಟ್ ಸಾಮಾನ್ಯವಾಗಿ 50,000ಕ್ಕಿಂತ ಮೇಲಿರಬೇಕು, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ 1.5ರ ಒಳಗಿರಬೇಕು. ಬಹಳ ದಿನ ಕಾಮಾಲೆ ಇದ್ದವರಿಗೆ ವಿಟಮಿನ್ ಕೆ ಕಡಿಮೆಯಾಗಿ ಐಎನ್‌ಆರ್ ಏರಿರುತ್ತದೆ. ಅದಕ್ಕೆ ಇಂಜೆಕ್ಷನ್ ಇದೆ, ಆದರೆ ಕೆಲಸ ಮಾಡಲು ಸಮಯ ಬೇಕು. ಹಾಗಾಗಿ ಪರೀಕ್ಷೆಯನ್ನು ಹೋಗುವ ದಿನಕ್ಕೆ ಉಳಿಸಿಕೊಳ್ಳದೆ ನಾಲ್ಕೈದು ದಿನ ಮೊದಲೇ ಊರಲ್ಲಿ ಮಾಡಿಸಿ. ನಮ್ಮ ಮಲೆನಾಡಿನವರು ಇನ್ನೊಂದನ್ನು ಹೇಳಬೇಕು. ಇತ್ತೀಚೆಗೆ ಡೆಂಗಿಯೋ ಮಂಗನ ಕಾಯಿಲೆಯೋ ಬಂದಿತ್ತಾ? ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ, ನಮಗೆಲ್ಲ ಗೊತ್ತು. ಹೊರ ಊರಿನ ಡಾಕ್ಟರಿಗೆ ಅದನ್ನು ಕೇಳಬೇಕೆಂದು ತಟ್ಟನೆ ಹೊಳೆಯದೆ ಹೋಗಬಹುದು. ನೀವೇ ಹೇಳಿ.

ಹಿಂದೆ ಜಠರದ ಆಪರೇಷನ್ ಆಗಿದ್ದರೆ ಅದನ್ನೂ ಹೇಳಿ. ಕರುಳಿನ ದಾರಿ ಬದಲಾಗಿದ್ದರೆ ಪ್ಯಾಂಕ್ರಿಯಾಸ್‌ನ ತಲೆ ಭಾಗಕ್ಕೆ ಸ್ಕೋಪ್ ತಲುಪದೇ ಇರಬಹುದು. ಆಸ್ತಮಾ, ಜೋರು ಗೊರಕೆ, ಔಷಧದ ಅಲರ್ಜಿ, ಅಲ್ಲಾಡುವ ಹಲ್ಲು ಇವೂ ಅರಿವಳಿಕೆಗೆ ಬೇಕಾದ ಮಾಹಿತಿ.

ಹಂತ 5: ಖಾಲಿ ಹೊಟ್ಟೆ

ಊಟ ಬಿಟ್ಟು 6ರಿಂದ 8 ಗಂಟೆ ಆಗಿರಬೇಕು. ಬರೀ ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಎನ್ನುವುದನ್ನು ಆಸ್ಪತ್ರೆಯವರು ಹೇಳುತ್ತಾರೆ. ಕಷಾಯ, ಕಾಫಿ, ಗಂಜಿ ತಿಳಿ, ಎಳನೀರು ಯಾವುದನ್ನೂ ನೀರಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಬೆಳಿಗ್ಗೆ ಎದ್ದು ಕವಳ ಹಾಕುವ ಅಭ್ಯಾಸ ಇರುವ ಅಜ್ಜ–ಅಜ್ಜಿಯರಿಗೆ ಅಂದು ಅದೂ ಬೇಡ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ತಿಂದಿದ್ದರೆ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ, ಸಮಯ ಮುಂದಕ್ಕೆ ಹಾಕುತ್ತಾರೆ ಅಷ್ಟೇ.

ಹಂತ 6: ರೂಮಿನ ಒಳಗೆ ನಡೆಯುವುದು

ಒಪ್ಪಿಗೆ ಪತ್ರಕ್ಕೆ ಸಹಿ ಆದ ಮೇಲೆ ಕೈಗೆ ಡ್ರಿಪ್ ಹಾಕುತ್ತೇವೆ. ಹಲ್ಲಿನ ಸೆಟ್ ತೆಗೆಸುತ್ತೇವೆ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ, ಬಾಯಿಗೆ ಪ್ಲಾಸ್ಟಿಕ್ ಗಾರ್ಡ್. ಎಡ ಮಗ್ಗುಲಿಗೆ ಮಲಗಿಸಿ ನಿದ್ದೆಯ ಔಷಧ ಕೊಡುತ್ತಾರೆ. ಈ ಸ್ಕೋಪ್ ಮಾಮೂಲಿಗಿಂತ ಸ್ವಲ್ಪ ದಪ್ಪ, ತುದಿ ಗಟ್ಟಿ. ಆದರೆ ನಿದ್ದೆಯಲ್ಲಿರುವುದರಿಂದ ಹೆಚ್ಚಿನವರಿಗೆ ಏನೂ ನೆನಪಿರುವುದಿಲ್ಲ.

ಡಾಕ್ಟರು ಮೊದಲು ಪೂರ್ತಿ ಪ್ಯಾಂಕ್ರಿಯಾಸ್, ಲಿವರ್‌ನ ಕಾಣುವ ಭಾಗ, ಸುತ್ತಲಿನ ಗಂಟುಗಳನ್ನು ನೋಡುತ್ತಾರೆ. ಗಡ್ಡೆ ತಲೆ ಭಾಗದಲ್ಲಿದ್ದರೆ ಡ್ಯುವೋಡಿನಮ್‌ನಿಂದ, ನಡುವೆ ಅಥವಾ ಬಾಲದಲ್ಲಿದ್ದರೆ ಜಠರದಿಂದ ಸೂಜಿ ಹಾಕುತ್ತಾರೆ. ಅದಕ್ಕೆ ಮೊದಲು ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿ ದಾರಿಯಲ್ಲಿ ರಕ್ತನಾಳ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಸೂಜಿಗಳು 19, 22, 25 ಗೇಜ್‌ಗಳಲ್ಲಿ ಬರುತ್ತವೆ. ಸಂಖ್ಯೆ ದೊಡ್ಡದಾದಷ್ಟೂ ಸೂಜಿ ತೆಳು. 22 ಗೇಜ್ ಸೂಜಿ ಸುಮಾರು 0.7 ಮಿ.ಮೀ. ದಪ್ಪ.

ಎಫ್‌ಎನ್‌ಎ ಅಂದರೆ ಬಿಡಿ ಜೀವಕೋಶಗಳನ್ನು ಹೀರಿ ತೆಗೆಯುವುದು. ಎಫ್‌ಎನ್‌ಬಿ ಸೂಜಿಯ ತುದಿಯಲ್ಲಿ ಚೂಪಾದ ಅಂಚುಗಳಿದ್ದು ಇಡೀ ತುಣುಕನ್ನೇ ಕತ್ತರಿಸಿ ತರುತ್ತದೆ. ಬರುವುದು ಒತ್ತು ಶಾವಿಗೆಯ ಎಳೆಯ ಚೂರಿನಷ್ಟು. ಅಷ್ಟರಲ್ಲೇ ಪೆಥಾಲಜಿಸ್ಟ್ ಜೀವಕೋಶಗಳ ಜೋಡಣೆ ನೋಡಬಹುದು, ಮುಂದೆ ಬೇಕಾಗುವ ಬಣ್ಣದ ಪರೀಕ್ಷೆ, ಜೀನ್ ಪರೀಕ್ಷೆಗಳಿಗೂ ಮಿಗಿಸಿಕೊಳ್ಳಬಹುದು. ಗಟ್ಟಿ ಗಡ್ಡೆಗಳಿಗೆ ಈಗ ಹೆಚ್ಚಾಗಿ ಎಫ್‌ಎನ್‌ಬಿಯನ್ನೇ ಬಳಸುವುದು ಇದೇ ಕಾರಣಕ್ಕೆ. ನನ್ನ ಅನಿಸಿಕೆಯಲ್ಲೂ ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್ ಅಥವಾ ಲಿಂಫೋಮಾ (ಲಿಂಫ್ ಗಂಟುಗಳ ಕ್ಯಾನ್ಸರ್) ಅನುಮಾನ ಇದ್ದಾಗ ತುಣುಕು ಸಿಗಲೇಬೇಕು.

ಸೂಜಿ ಗಡ್ಡೆಯೊಳಗೆ ಹೋದ ಮೇಲೆ ಒಂದೇ ಜಾಗದಲ್ಲಿ ಕುಟ್ಟುವುದಿಲ್ಲ. ಬೀಸಣಿಗೆ ಬಿಚ್ಚಿದ ಹಾಗೆ ಕೋನ ಬದಲಿಸುತ್ತಾ ಹಿಂದೆ ಮುಂದೆ ಆಡಿಸುತ್ತಾರೆ. ಗಡ್ಡೆಯ ನಡುಭಾಗ ಸತ್ತ ಜೀವಕೋಶಗಳಿಂದ ತುಂಬಿರಬಹುದು, ಜೀವಂತ ಭಾಗ ಅಂಚಿನಲ್ಲಿರುತ್ತದೆ. ಇಷ್ಟಾದರೆ ಒಂದು ‘ಪಾಸ್’. ಎಫ್‌ಎನ್‌ಬಿಯಲ್ಲಿ ಸಾಮಾನ್ಯವಾಗಿ 2–3 ಪಾಸ್ ಸಾಕು. ಎಫ್‌ಎನ್‌ಎ ಆದರೆ ಇನ್ನೂ ಒಂದೆರಡು ಬೇಕಾಗಬಹುದು. ಕೆಲವು ಕಡೆ ಪೆಥಾಲಜಿಯವರು ರೂಮಿನಲ್ಲೇ ಮೈಕ್ರೋಸ್ಕೋಪ್ ಇಟ್ಟುಕೊಂಡು ಮಾದರಿ ಸಾಕೋ ಸಾಲದೋ ಹೇಳುತ್ತಾರೆ.

ಟಿ.ಬಿ. ವಿಷಯ ಮೊದಲೇ ಹೇಳಿ ಅಂದಿದ್ದು ಇಲ್ಲಿಗೆ ಬರುತ್ತದೆ. ತುಣುಕನ್ನು ಮಾಮೂಲಾಗಿ ಫಾರ್ಮಲಿನ್ ಬಾಟಲಿಗೆ ಹಾಕುತ್ತೇವೆ. ಫಾರ್ಮಲಿನ್‌ನಲ್ಲಿ ಟಿ.ಬಿ. ಕ್ರಿಮಿ ಸಾಯುತ್ತದೆ, ಆಮೇಲೆ ಕಲ್ಚರ್ ಮಾಡಲು, ಅಂದರೆ ಕ್ರಿಮಿಯನ್ನು ಬೆಳೆಸಿ ನೋಡಲು, ಆಗುವುದಿಲ್ಲ. ಟಿ.ಬಿ. ಅನುಮಾನ ಇದ್ದರೆ ಒಂದು ಪಾಸ್‌ನ ಮಾದರಿಯನ್ನು ಸಲೈನ್‌ನಲ್ಲಿ ಬೇರೆ ಇಟ್ಟು ಜೀನ್‌ಎಕ್ಸ್‌ಪರ್ಟ್ ಎಂಬ ಟಿ.ಬಿ. ಪರೀಕ್ಷೆಗೆ, ಕಲ್ಚರ್‌ಗೆ ಕಳಿಸಬೇಕು. ಸೂಜಿ ಹೊರಗೆ ಬಂದು ಬಾಟಲಿ ಮುಚ್ಚಿದ ಮೇಲೆ ನೆನಪಾದರೆ ಇನ್ನೊಮ್ಮೆ ಎಲ್ಲ ಮೊದಲಿಂದ ಮಾಡಬೇಕಾಗುತ್ತದೆ.

ನೀರು ತುಂಬಿದ ಗುಳ್ಳೆ, ಅಂದರೆ ಸಿಸ್ಟ್ ಆದರೆ ನೀರನ್ನು ಹೀರಿ ತೆಗೆದು ಅದರಲ್ಲಿ ಸಿಇಎ ಎಂಬ ಪ್ರೋಟೀನ್, ಅಮೈಲೇಸ್ ಎಂಬ ಜೀರ್ಣರಸ, ಗ್ಲೂಕೋಸ್ ಎಷ್ಟಿವೆ ಎಂದು ನೋಡುತ್ತಾರೆ. ಸಿಇಎ 192 ng/mLಗಿಂತ ಜಾಸ್ತಿ, ಗ್ಲೂಕೋಸ್ 50 mg/dLಗಿಂತ ಕಡಿಮೆ ಇದ್ದರೆ ಲೋಳೆ ತುಂಬುವ ಜಾತಿಯ ಸಿಸ್ಟ್ ಇರಬಹುದು. ಅಂಥವು ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇರುವುದರಿಂದ ಮೇಲಿಂದ ಮೇಲೆ ನೋಡುತ್ತಿರಬೇಕು, ಇಲ್ಲವೇ ಆಪರೇಷನ್ ಬೇಕಾಗುತ್ತದೆ.

ಹಂತ 7: ಆ ಸಂಜೆ ಮತ್ತು ಮರುದಿನ

ಎಚ್ಚರ ಆದ ಮೇಲೆ ಕೆಲವು ಗಂಟೆ ಅಲ್ಲೇ ಇಟ್ಟುಕೊಂಡು ನೋಡುತ್ತಾರೆ. ಗಂಟಲು ಕೆರೆತ, ಹೊಟ್ಟೆ ಉಬ್ಬರ ಸಹಜ. ಅವರು ಹೇಳಿದ ಮೇಲೆ ನೀರು, ಆಮೇಲೆ ತೆಳು ಗಂಜಿ. 24 ಗಂಟೆ ಗಾಡಿ ಓಡಿಸಬಾರದು, ಜಮೀನು–ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಬಾರದು. ಅಡಿಕೆ ಕೊಯ್ಲಿನ ಸಮಯವಾದರೂ ಒಂದೆರಡು ದಿನ ಭಾರ ಎತ್ತುವ ಕೆಲಸ ಬೇಡ.

ತೊಂದರೆಯಾಗುವುದು ಸುಮಾರು 100 ಜನರಲ್ಲಿ ಒಬ್ಬಿಬ್ಬರಿಗೆ: ಪ್ಯಾಂಕ್ರಿಯಾಸ್ ಊದಿಕೊಳ್ಳುವುದು, ರಕ್ತಸ್ರಾವ, ಸೋಂಕು, ತೀರಾ ಅಪರೂಪಕ್ಕೆ ಕರುಳಿಗೆ ತೂತು. ‘ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ’ ಎನ್ನುವ ಹೆದರಿಕೆ ನಮ್ಮ ಕಡೆ ತುಂಬಾ ಇದೆ. ಸೂಜಿಯ ದಾರಿಯಲ್ಲಿ ಹರಡಿದ ಉದಾಹರಣೆ ಇಲ್ಲವೆಂದಲ್ಲ, ಆದರೆ ಬಹಳ ವಿರಳ. ಡ್ಯುವೋಡಿನಮ್‌ನಿಂದ ತೆಗೆದಿದ್ದರೆ ಮುಂದಿನ ಆಪರೇಷನ್‌ನಲ್ಲಿ ಆ ಭಾಗವೂ ಹೊರಬರುತ್ತದೆ. ಆ ಹೆದರಿಕೆಗೆ ಬಯಾಪ್ಸಿ ಬಿಟ್ಟು, ಗೊತ್ತಿಲ್ಲದ ಗಡ್ಡೆ ಇಟ್ಟುಕೊಂಡು ಕೂರುವುದು ಹೆಚ್ಚು ಅಪಾಯ.

ಬೆನ್ನಿಗೆ ಹೊಡೆಯುವ ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಚಳಿ ಜ್ವರ, ರಕ್ತವಾಂತಿ, ಕಪ್ಪು ಮಲ, ಉಸಿರಾಟದ ತೊಂದರೆ ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಬನ್ನಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಇದೇ ಕಾರಣಕ್ಕೆ ನಾನು ಎಲ್ಲರಿಗೂ ಹೇಳುವುದು: ಅದೇ ಸಂಜೆ ಘಾಟಿ ಹತ್ತಬೇಡಿ. ಆಗುಂಬೆಯ ತಿರುವುಗಳಲ್ಲಿ, ನೆಟ್‌ವರ್ಕ್ ಸಿಗದ ಕಡೆ ನೋವು ಶುರುವಾದರೆ ಏನು ಮಾಡುತ್ತೀರಿ? ಒಂದು ರಾತ್ರಿ ಆಸ್ಪತ್ರೆಯ ಹತ್ತಿರವೇ ಉಳಿಯಿರಿ.

ಹಂತ 8: ರಿಪೋರ್ಟ್ ಓದುವುದು

ಸಾಮಾನ್ಯವಾಗಿ ವಾರದೊಳಗೆ ಬರುತ್ತದೆ. ಬಣ್ಣದ ಪರೀಕ್ಷೆ, ಅಂದರೆ ಐಎಚ್‌ಸಿ ಬೇಕಾದರೆ ಇನ್ನೂ ಕೆಲವು ದಿನ. ತಡವಾಯಿತು ಎಂದರೆ ಕೆಟ್ಟ ಸುದ್ದಿ ಎಂದು ಲೆಕ್ಕ ಹಾಕಬೇಡಿ.

‘ಪಾಸಿಟಿವ್’ ಎಂದು ಬಂದರೆ ಬಹುತೇಕ ನಿಶ್ಚಿತ, ಈ ತಪಾಸಣೆಯಲ್ಲಿ ಸುಳ್ಳು ಪಾಸಿಟಿವ್ ತೀರಾ ಕಡಿಮೆ. ‘ನೆಗೆಟಿವ್’ ಬಂದಾಗ ಮಾತ್ರ ಹುಷಾರಾಗಿರಬೇಕು. ಕ್ಯಾನ್ಸರ್ ಇರುವ 100 ಜನರಲ್ಲಿ ಸುಮಾರು 85–90 ಜನರದ್ದನ್ನು ಇದು ಹಿಡಿಯುತ್ತದೆ, ಉಳಿದವರದ್ದು ತಪ್ಪಿಹೋಗಬಹುದು. ಸ್ಕ್ಯಾನ್ ನೋಡಿದರೆ ಅನುಮಾನ ಬಲವಾಗಿದ್ದು ಬಯಾಪ್ಸಿ ನೆಗೆಟಿವ್ ಅಂದರೆ, ಮತ್ತೊಮ್ಮೆ ತೆಗೆಯಬೇಕಾ ಅಥವಾ ನೇರ ಸರ್ಜರಿಯಾ ಎಂದು ಚರ್ಚಿಸಿ. ಸಿಹಿ ಹಂಚಿ ಫೈಲ್ ಮುಚ್ಚಿಡಬೇಡಿ. ‘ಮಾದರಿ ಸಾಲದು’ ಎಂದಿದ್ದರೆ ಅದು ಉತ್ತರವೇ ಅಲ್ಲ, ಮತ್ತೆ ತೆಗೆಯಬೇಕು. ‘ಏಟಿಪಿಕಲ್’ (ಜೀವಕೋಶ ಸಹಜವಾಗಿಲ್ಲ), ‘ಸಸ್ಪಿಶಿಯಸ್’ (ಕ್ಯಾನ್ಸರ್ ಅನುಮಾನ) ಎಂದಿದ್ದರೆ ಸ್ಕ್ಯಾನ್ ಜೊತೆ ಇಟ್ಟು ನೋಡಿ ತೀರ್ಮಾನಿಸುತ್ತಾರೆ.

ಕ್ಯಾನ್ಸರ್ ಹೌದೆಂದಾದರೆ ಯಾವ ಜಾತಿ ಎಂದು ಕೇಳಿ. ಅಡಿನೋಕಾರ್ಸಿನೋಮಾ ಬೇರೆ, ನ್ಯೂರೋಎಂಡೋಕ್ರೈನ್ ಟ್ಯೂಮರ್ ಬೇರೆ. ಎರಡನೆಯದು ಹೆಚ್ಚಾಗಿ ನಿಧಾನಕ್ಕೆ ಬೆಳೆಯುತ್ತದೆ, ಅದರಲ್ಲಿ ಜೀವಕೋಶ ಎಷ್ಟು ವೇಗವಾಗಿ ಹೆಚ್ಚುತ್ತಿದೆ ಎಂದು ತೋರಿಸುವ ಕೆಐ-67 ಎಂಬ ಅಂಕಿ ಮುಖ್ಯ. ಅಡಿನೋಕಾರ್ಸಿನೋಮಾ ಆದರೆ ಬಿಆರ್‌ಸಿಎ ಜೀನ್ ಪರೀಕ್ಷೆಯ ಬಗ್ಗೆ ವಿಚಾರಿಸಿ. ಕೆಲವರಿಗೆ ಔಷಧದ ಆಯ್ಕೆ ಅದರ ಮೇಲೆ ನಿಲ್ಲುತ್ತದೆ, ಮಕ್ಕಳಿಗೂ ಒಡಹುಟ್ಟಿದವರಿಗೂ ಅದರಿಂದ ಎಚ್ಚರಿಕೆ ಸಿಗುತ್ತದೆ.

ಬೆಂಗಳೂರಿನ ಕಿದ್ವಾಯಿಯಲ್ಲೋ ಬೇರೆ ಕಡೆಯೋ ಎರಡನೇ ಅಭಿಪ್ರಾಯಕ್ಕೆ ಹೋಗುವುದಾದರೆ ಹೊಸದಾಗಿ ಸೂಜಿ ಹಾಕಿಸಬೇಕಾಗಿಲ್ಲ. ನಿಮ್ಮ ತುಣುಕನ್ನು ಮೇಣದ ಬ್ಲಾಕ್ ಮಾಡಿ ಪೆಥಾಲಜಿ ವಿಭಾಗದಲ್ಲಿ ಇಟ್ಟಿರುತ್ತಾರೆ. ಒಂದು ಅರ್ಜಿ ಬರೆದುಕೊಟ್ಟು ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಕೇಳಿ ಪಡೆಯಿರಿ. ಸ್ಲೈಡ್ ಗಾಜಿನದ್ದು, ಡಬ್ಬಿಯಲ್ಲೇ ಒಯ್ಯಿರಿ. ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಬ್ಲಾಕ್ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಕೆಲಸ ಮುಗಿದ ಮೇಲೆ ವಾಪಸ್ ಕೊಟ್ಟು ರಸೀದಿ ಪಡೆಯಿರಿ.